ಗಟ್ಟಿಮೇಳದ ಹೊತ್ತಿನ ಮಾತು

ಹಳೇಕೋಟೆ
18 ಮೇ 2025

ಧನ್ಯಾ,

ಇಲ್ಲಿ ಕೆಂದ ಹಸು ಒಂದನ್ನು ಬಿಟ್ಟರೆ ಎಲ್ಲರೂ ನೆಟ್ಟಗಿದ್ದೇವೆ. ಕರು ಹಾಕಿದ ಮೇಲೆ ಅದಕ್ಕೆ ನನ್ನ ಕಂಡರೆ ಆಗುತ್ತಿಲ್ಲ. ನಿನ್ನ ಅತ್ತಿಗೆ ಮೇಘಶ್ರೀ ಹೋಗಿ ಕೂತರೆ ಮಾತ್ರ ಹಾಲು ಬಿಡುತ್ತೆ. ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ ಅಂತ ಹಸುವಿಗೂ ಗೊತ್ತಾಗಿರಬೇಕು.

ಕಾಗದ ಯಾಕೆ, ನನ್ನ ಫೋನಿನಲ್ಲಿ ಮೆಸೇಜು ಹಾಕವ್ವ ಅಂತ ನಿಮ್ಮಣ್ಣ ಕುಮಾರ ಹೇಳುತ್ತಾನೆ. ಅವನ ಫೋನಿಗೆ ಹಾಕುವುದೂ ಊರ ಮುಂದೆ ತಮಟೆ ಹೊಡೆಯುವುದೂ ಒಂದೇ. ಡೇರಿ ಮುಂದೆ ನಿಂತು ಎಲ್ಲರಿಗೂ ಓದಿ ಹೇಳುತ್ತಾನೆ. ಕಿವಿ ಕೇಳದ ನನಗೆ ಕಾಗದವೇ ಸರಿ. ಎಷ್ಟು ಸಲ ಬೇಕಾದರೂ ಬಿಚ್ಚಿ ಓದಬಹುದು.

ಗೌರಿ ಹಬ್ಬ ಇನ್ನೂ ದೂರ ಇದೆ. ಆದರೂ ಈಗಲೇ ಕೇಳಿಡುತ್ತೇನೆ. ಈ ಸಲವಾದರೂ ಬರುತ್ತೀಯಾ? ಪ್ರತಿ ವರ್ಷವೂ ಬಾಗಿನ ಕುಮಾರನ ಕೈಲಿ ಹಾಸನಕ್ಕೆ ಬರುತ್ತೆ, ನೀನು ಮಾತ್ರ ಬರುವುದಿಲ್ಲ. ರಜಕ್ಕೆ ಮಗು ತೇಜಶ್ರೀಯನ್ನು ಮಾವನ ಜೊತೆ ಕಳಿಸುತ್ತೀಯ. ನನ್ನನ್ನು ನೋಡಬೇಕು ಅನ್ನಿಸಿದರೆ ಹೊಳೇನರಸೀಪುರದ ಬಸ್‌ಸ್ಟ್ಯಾಂಡಿಗೆ ಕರೆಸಿಕೊಳ್ಳುತ್ತೀಯ. ಕೇಳಿದರೆ ಹಬ್ಬದ ಬ್ಲೌಸು ಹೊಲಿಯುವುದಿದೆ ಅಂತೀಯ. ಹಾಸನದ ಹೆಂಗಸರೆಲ್ಲ ಒಬ್ಬಳ ಹತ್ತಿರವೇ ಬ್ಲೌಸು ಹೊಲಿಸುತ್ತಾರೋ ಏನೋ.

ಮೊನ್ನೆ ಬೀರು ಚೊಕ್ಕ ಮಾಡುವಾಗ ನಿನ್ನ ಧಾರೆ ಸೀರೆಯ ಮಡಿಕೆಯಲ್ಲಿ ಒಂದು ನೀಲಿ ಡಬ್ಬಿ ಸಿಕ್ಕಿತು. ನೆನಪಿದೆಯಾ, ಚನ್ನರಾಯಪಟ್ಟಣದ ಸ್ಟುಡಿಯೋದ ದೇವರಾಜ್ ನಿನ್ನ ಮದುವೆಯದು ಅಂತ ಎರಡು ಡಿಸ್ಕು ಕೊಟ್ಟಿದ್ದ. ಒಂದು ಓಡಿತು. ಇನ್ನೊಂದು, ಈ ನೀಲಿಯದು, ನಮ್ಮ ಡಿವಿಡಿಯೊಳಗೆ ಹಾಕಿದರೆ ಮಿಣುಕು ಅಂತಲೂ ಅನ್ನಲಿಲ್ಲ. ಹಾಳಾಗಿದೆ ಅಂತ ಮಡಗಿದ್ದೆ. ಸೀಬೆ ಗಿಡಕ್ಕೆ ಗಿಳಿಗಳು ನುಗ್ಗುತ್ತಿವೆ, ಇದನ್ನು ಕೊಂಬೆಗೆ ಕಟ್ಟಿದರೆ ಹೊಳಪಿಗೆ ಹೆದರುತ್ತವೆ ಅಂತಾಳೆ ಮೇಘಶ್ರೀ. ಕಟ್ಟಲಿ ಅನ್ನಲೋ ಬೇಡವೋ, ನೀನೇ ಹೇಳು.

ಓಡುವ ಡಿಸ್ಕನ್ನು ಆಗಾಗ ಹಾಕಿಸಿ ನೋಡುತ್ತಿದ್ದೆ. ಅದರಲ್ಲಿ ಎಲ್ಲರೂ ಮಂಜಿನೊಳಗೆ ನಿಂತ ಹಾಗೆ ಕಾಣುತ್ತಾರೆ. ನಿಮ್ಮಪ್ಪನ ಮೀಸೆಯೂ ಬಾಯಿಯೂ ಸೇರಿ ಒಂದೇ ಕಪ್ಪು. ಒಂಬತ್ತು ವರ್ಷದಿಂದ ಆ ಕಪ್ಪನ್ನೇ ನೋಡುತ್ತಿದ್ದೇನೆ.

ನಿನ್ನ ಗಂಡ ಗೇಮಿನ ಅಂಗಡಿ ಮುಚ್ಚಿದ ಅಂತ ಕುಮಾರ ಹೇಳಿದ. ಈಗೇನು ಮಾಡುತ್ತಾನೆ?

ಬೇಗ ಬರಿ.
ಅವ್ವ, ಲಕ್ಕಮ್ಮ

*

ಹಾಸನ
2 ಜೂನ್ 2025

ಅವ್ವ,

ಮೊದಲು ಅತ್ತಿಗೆಗೆ ಹೇಳು, ಆ ಡಿಸ್ಕನ್ನು ಗಿಡಕ್ಕೆ ಕಟ್ಟಬಾರದು. ಗಿಳಿಗಳು ಸೀಬೆ ತಿಂದುಕೊಳ್ಳಲಿ, ಬಿಡು.

ಇವರಿಗೆ ವಿಷಯ ಹೇಳಿದೆ. ಡಿಸ್ಕು ಹಾಳಾಗಿಲ್ಲವಂತೆ. ಅದು ಬ್ಲೂ-ರೇ ಅಂತೆ, ಹೆಚ್‌ಡಿ ಸಿನಿಮಾಗಳು ಬರುವ ಜಾತಿಯದು. ಮಾಮೂಲಿ ಡಿವಿಡಿಗೆ ಅದನ್ನು ಓದಲು ಬರುವುದಿಲ್ಲ. ಅಂಗಡಿಯಲ್ಲಿ ಕಾಲೇಜು ಹುಡುಗರು ಆಡುತ್ತಿದ್ದರಲ್ಲ, ಆ ಪ್ಲೇ ಸ್ಟೇಷನ್ ಓದುತ್ತದಂತೆ. ಹುಡುಗರೆಲ್ಲ ಈಗ ಫೋನಿನಲ್ಲೇ ಆಡುತ್ತಾರೆ, ಅಂಗಡಿಗೆ ಬರುವವರಿಲ್ಲ. ಉಳಿದದ್ದನ್ನೆಲ್ಲ ಮಾರಿ ಒಂದು ಮೆಷಿನ್ನು ಮಾತ್ರ ಮನೆಗೆ ತಂದಿದ್ದಾರೆ. ಈಗ ಸಿಸಿಟಿವಿ ಕ್ಯಾಮೆರಾ ಕೂರಿಸುವ ಕೆಲಸ ಹಿಡಿದಿದ್ದಾರೆ. ದಿನವೆಲ್ಲ ಏಣಿ ಮೇಲೆ. ಒಂದು ದಿನವೂ ಬೇಜಾರು ಅಂದದ್ದಿಲ್ಲ. ನನಗೆ ಇವರ ಮೇಲಿರುವ ಒಂದೇ ದೂರು ಹಾಲ್‌ನ ಲೈಟಿನದು. ಮದುವೆಯಾದಾಗಿನಿಂದ ಆರಿಸದೇ ಮಲಗುತ್ತಾರೆ. ಅಂಗಡಿಯಲ್ಲಿ ಹೊತ್ತುಗೊತ್ತಿಲ್ಲದೆ ಲೈಟು ಉರಿಸಿ ಅಭ್ಯಾಸ, ಎಷ್ಟು ಹೇಳಿದರೂ ಅಷ್ಟೇ.

ಅವ್ವ, ಈಗ ಹೇಳುವುದನ್ನು ಒಬ್ಬಳೇ ಓದಿಕೋ.

ನಾನು ಮನೆಗೆ ಬರದಿರುವುದು ಬ್ಲೌಸಿನಿಂದಲ್ಲ. ಮದುವೆಯ ಹಿಂದಿನ ದಿನ ಅಪ್ಪ ನನ್ನ ಕರೆದು, "ನಾಳೆ ಧಾರೆ ಎರ್ದು ಕೊಡ್ತೀನಿ. ಅಲ್ಲಿಗೆ ಮುಗೀತು," ಎಂದಿದ್ದ. ಅರಕಲಗೂಡಿನ ಒಳ್ಳೆ ಮನೆತನದ ಹುಡುಗ ಎಂದು ನೀನು ಎಷ್ಟು ಹೇಳಿದರೂ, ಆಟ ಆಡಿಸುವವನಿಗೆ ಹೆಣ್ಣು ಕೊಡುವುದಾ ಎಂದು ಅವನು ಕುದಿಯುತ್ತಿದ್ದದ್ದು ನಿನಗೂ ಗೊತ್ತು. ಮಾರನೇ ದಿನ ಧಾರೆಯಲ್ಲಿ ನಮ್ಮಿಬ್ಬರ ಕೈ ಕೂಡಿಸಿ ಹಿಡಿದಿದ್ದ. ಗಟ್ಟಿಮೇಳ ಅಂದರು. ವಾಲಗದವರು ಕಿವಿ ಹರಿಯುವ ಹಾಗೆ ಬಾರಿಸಿದರು. ಆ ಗದ್ದಲದಲ್ಲಿ ಅಪ್ಪ ನನ್ನ ಮುಖವನ್ನೇ ನೋಡುತ್ತ ಏನೋ ಹೇಳಿದ. ಒಂದಕ್ಷರವೂ ಕೇಳಿಸಲಿಲ್ಲ. ಹೇಳಿದವನು ಮಂಟಪ ಇಳಿದು ಹೋದ, ಊಟದ ಪಂಕ್ತಿಗೂ ಬರಲಿಲ್ಲ. ಸಂಜೆ ಹೊರಡುವ ಮೊದಲು ಏನಂದೆ ಅಪ್ಪ ಎಂದು ಕೇಳಿದೆ. "ಯೋಳಾದ್ನ ಯೋಳಿದ್ದೀನಿ, ಓಗು," ಎಂದ.

ಇನ್ನು ನನ್ನ ಹೊಸಿಲು ತುಳಿಯಬೇಡ ಅಂದ ಎಂದೇ ನಾನು ತಿಳಿದಿದ್ದೇನೆ. ಆಷಾಢಕ್ಕೆ ಕರೆಯಲು ಕುಮಾರಣ್ಣ ಬಂದಾಗ, ಅಪ್ಪ ಬಂದು ಕರೆಯಲಿ ಎಂದೆ. ಅಪ್ಪ ಬರಲಿಲ್ಲ. ಶ್ರಾವಣ ಕಳೆಯುವುದರೊಳಗೆ ಅಪ್ಪನೇ ಇಲ್ಲ. ತಿಥಿಯ ದಿನವೂ ನಾನು ಅಂಗಳದ ಚಪ್ಪರದಲ್ಲೇ ಕೂತಿದ್ದೆ, ನೀನು ಗಮನಿಸಿರಲಿಕ್ಕಿಲ್ಲ. ಬೇಡ ಅಂದವನು ಇಲ್ಲದಾಗ ಒಳಗೆ ಬರುವುದು ಅವನಿಗೆ ಮೋಸ ಮಾಡಿದ ಹಾಗಲ್ಲವಾ?

ನೀನು ಡೇರಿಯ ಆ ತುದಿಯಲ್ಲಿ ನಿಂತು ಈ ತುದಿಯವರ ಮಾತನ್ನು ತುಟಿ ನೋಡಿಯೇ ಹೇಳುತ್ತಿದ್ದೆ. ಚಿಕ್ಕವಳಿದ್ದಾಗ ನನಗೆ ಅದಕ್ಕಿಂತ ದೊಡ್ಡ ಜಾದು ಇರಲಿಲ್ಲ. ಯಾರೂ ಕಲಿಸದೆ, ಯಾರ ಮುಂದೆಯೂ ಅಳದೆ, ನೀನೇ ಕಲಿತ ವಿದ್ಯೆ ಅದು. ಆ ಡಿಸ್ಕಿನಲ್ಲಿ ಅಪ್ಪನ ಮುಖ ಸ್ಪಷ್ಟವಾಗಿ ಬಂದರೆ ಅವನು ಏನಂದ ಎಂದು ಓದುತ್ತೀಯಾ ಅವ್ವ?

ಇವರಿಗೆ ಇದೇನೂ ಹೇಳಿಲ್ಲ. ತನ್ನಿಂದ ನನಗೆ ತವರು ತಪ್ಪಿತು ಅಂದುಕೊಂಡಾರು. ಟ್ರ್ಯಾಕ್ಟರ್ ಸಾಮಾನಿಗೆ ಅಣ್ಣ ಹಾಸನಕ್ಕೆ ಬಂದಾಗ ಮೆಷಿನ್ನು ಕೊಟ್ಟು ಕಳಿಸುತ್ತೇನೆ.

ನಿನ್ನ
ಧನ್ಯಾ

*

ಹಳೇಕೋಟೆ
24 ಜೂನ್ 2025

ಮಗಳೇ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂರುತ್ತಿದ್ದೆ, ಆಗುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು. ನಿನ್ನ ಮೇಲಲ್ಲ, ನನ್ನ ಕಣ್ಣಿನ ಮೇಲೆ. ಊರವರ ತುಟಿಯೆಲ್ಲ ಓದುವ ನಾನು ನಿನ್ನ ಮುಖ ಓದದೇ ಹೋದೆನಲ್ಲ.

ಒಂದು ಮಾತು ಹೇಳುತ್ತೇನೆ. ಆ ಆಷಾಢದಲ್ಲಿ ನಿಮ್ಮಪ್ಪನ ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಹಾಸನದ ಬಸ್ಸು ಹತ್ತುವುದು ಹೇಗೆ? ಮದುವೆಯಾದ ಹೊಸದರಲ್ಲಿ ಅವಳಿಗೆ ಯಾಕೆ ಯೋಚನೆ, ಹೇಳಬೇಡ ಎಂದವರೂ ಅವರೇ. ಆದರೆ ಧಾರೆಯಲ್ಲಿ ಏನಂದರೋ ನನಗೂ ಗೊತ್ತಿಲ್ಲ ಕಣೇ. ನನ್ನ ಕೈಲಿ ಗಿಂಡಿ ಇತ್ತು, ನೀರಿನ ಧಾರೆ ತುಂಡಾಗಬಾರದು ಅಂತ ಪುರೋಹಿತರು ಹೇಳಿದ್ದರು, ನಾನು ನೀರನ್ನೇ ನೋಡುತ್ತಿದ್ದೆ. ನಿನ್ನ ಸಮಾಧಾನಕ್ಕೆ ಅಂತ ಇಲ್ಲದ ಮಾತು ಕಟ್ಟಿ ಹೇಳಲಾರೆ. ಇದ್ದದ್ದನ್ನು ಓದಿಯೇ ಹೇಳುತ್ತೇನೆ.

ಮೆಷಿನ್ನು ಬಂತು. ಕುಮಾರ ಅದನ್ನು ಸೀಟಿನ ಪಕ್ಕ ಮಗುವಿನ ಥರ ಕೂರಿಸಿಕೊಂಡು ಬಂದ. ನಮ್ಮ ಟಿವಿ ಕೂತಿರುವುದು ಗೋಡೆಯ ಸಿಮೆಂಟು ಗೂಡಿನಲ್ಲಿ ಅಂತ ನಿನಗೆ ಗೊತ್ತಲ್ಲ. ಟಿವಿ ಅಳತೆ ಹಿಡಿದು ನಿಮ್ಮಪ್ಪನೇ ಗಾರೆಯವರ ಹತ್ತಿರ ಕಟ್ಟಿಸಿದ್ದು. ಎಷ್ಟು ಅಳತೆ ಅಂದರೆ ಹಿಂದಕ್ಕೆ ಬೆರಳು ತೂರುವುದಿಲ್ಲ. ಮುಂದಿನ ಮಗ್ಗುಲಲ್ಲಿ ಹಳದಿ, ಬಿಳಿ, ಕೆಂಪು ತೂತುಗಳಿವೆ. ಡಬ್ಬಿಯಲ್ಲಿ ಮೂರು ಬಣ್ಣದ ವೈರೂ ಇತ್ತು. ಕುಮಾರ ಬಣ್ಣಕ್ಕೆ ಬಣ್ಣ ಸೇರಿಸಿದ. ಚಿತ್ರ ಬಂತು! ನೀಲಿ ಡಿಸ್ಕು ಓಡಿತು ಅಂತ ಎಲ್ಲರಿಗೂ ಸಂತೋಷವೋ ಸಂತೋಷ. ನಾನು ಹತ್ತಿರ ಹೋಗಿ ನೋಡಿದರೆ ಅದೇ ಮಂಜು, ಅದೇ ಮೀಸೆ, ಅದೇ ಕಪ್ಪು.

ನಾನು ಎದ್ದು ಹೋಗಿ ಕರು ಹತ್ತಿರ ಕೂತೆ.

ಇದಕ್ಕಿಂತ ಸ್ಪಷ್ಟ ಬರುವುದಿಲ್ಲವಾ ಅಂತ ನಿನ್ನ ಗಂಡನನ್ನು ಕೇಳು.

ಅವ್ವ

*

ಹಾಸನ
5 ಜುಲೈ 2025

ಅವ್ವ,

ಬರುತ್ತದಂತೆ. ಅಣ್ಣ ಹಾಕಿದ ವೈರು ಹಳೇ ಕಾಲದ್ದು, ಅದರಲ್ಲಿ ಹೆಚ್‌ಡಿ ಹರಿಯುವುದೇ ಇಲ್ಲ ಎಂದು ಇವರು ನಕ್ಕರು. ಬಾಯಿ ಕಿರಿದಾದ ಕೊಳಾಯಿಗೆ ಎಷ್ಟು ದೊಡ್ಡ ಟ್ಯಾಂಕ್ ಕಟ್ಟಿಸಿದರೂ ಸಣ್ಣಗೇ ಬರುವುದು ಎಂದರು. ಚಪ್ಪಟೆ ಮೂತಿಯ ಇನ್ನೊಂದು ಕೇಬಲ್ಲಿದೆ, ಅದೂ ಡಬ್ಬಿಯಲ್ಲೇ ಇದೆ. ಅದರ ಒಂದು ತುದಿ ಮೆಷಿನ್ನಿಗೆ, ಇನ್ನೊಂದು ಟಿವಿಯ ಹಿಂದುಗಡೆಗೆ ಹೋಗಬೇಕು. ಹಾಕಿದ ಮೇಲೆ ಟಿವಿ ಕಪ್ಪಗೇ ಇದ್ದರೆ ಗಾಬರಿಯಾಗಬೇಡಿ. ಮೆಷಿನ್ನನ್ನು ಆರಿಸಿ, ಹತ್ತಿಸುವ ಗುಂಡಿಯನ್ನು ಒತ್ತಿಯೇ ಹಿಡಿದಿರಬೇಕು. ಒಂದು ಸಲ ಪೀಂ ಅನ್ನುತ್ತೆ. ಬಿಡಬಾರದು. ಎರಡನೇ ಸಲ ಪೀಂ ಅಂದಾಗ ಬಿಟ್ಟರೆ ಹೊಸ ಕೇಬಲ್ಲು ಅದಕ್ಕೆ ಗೊತ್ತಾಗುತ್ತದಂತೆ.

ನಾನು ಚನ್ನರಾಯಪಟ್ಟಣಕ್ಕೂ ಹೋಗಿ ಬಂದೆ. ಶಾಂತಿಗ್ರಾಮ ದಾಟುವವರೆಗೂ ವಾಪಸು ಇಳಿದು ಹೋಗಲೇ ಅನ್ನಿಸುತ್ತಿತ್ತು. ದೇವರಾಜ್ ಅವರ ಹತ್ತಿರ ಮೂಲ ಧ್ವನಿ ಇದೆಯಾ ಎಂದು ಕೇಳಿದೆ. ಆ ಕಾಲದ ಹಾರ್ಡ್‌ಡಿಸ್ಕೆಲ್ಲ ಅಳಿಸಿ ಬೇರೆ ಮದುವೆಗಳಿಗೆ ಬಳಸಿ ಆಗಿದೆಯಂತೆ. ಡಿಸ್ಕಿನಲ್ಲಿ ಮಾತು ಇಟ್ಟಿದ್ದರೆ ಗಲಾಟೆ ಅಂತ ಜನ ಬೈಯುತ್ತಾರೆ, ಆದ್ದರಿಂದ ಎಲ್ಲದರ ಮೇಲೂ ಸಿನಿಮಾ ಹಾಡು ಹಾಕುತ್ತೇವೆ ಎಂದರು. ಪಾಪ, ತುಂಬ ಹುಡುಕಿದರು. ಹಾಗಾಗಿ ಆ ಮಾತನ್ನು ಕೇಳಿಸಿಕೊಳ್ಳುವ ದಾರಿ ಮುಚ್ಚಿತು ಅವ್ವ. ಕಿವಿ ಇರುವವರು ಯಾರಿಂದಲೂ ಇನ್ನು ಆಗದು. ನಿನ್ನ ಕಣ್ಣೊಂದೇ ಉಳಿದಿರುವುದು.

ಮಂಜಾಗಿಯೇ ಬಂತು ಎಂದು ಓದಿದಾಗ ನನಗೆ ಒಂದು ಕ್ಷಣ ಹಾಯೆನ್ನಿಸಿತು ಎಂದರೆ ಬೈಯಬೇಡ. ಭಯ ಆಗುತ್ತಿದೆ.

ನಿಮ್ಮ ಕೈಲಾಗದಿದ್ದರೆ ತಾವೇ ಬರುವುದಾಗಿ ಇವರು ಹೇಳಿದ್ದಾರೆ.

ಧನ್ಯಾ

*

ಹಳೇಕೋಟೆ
22 ಜುಲೈ 2025

ಧನ್ಯಾ, ಮಗಳೇ,

ಭಾನುವಾರ ಅಳಿಯಂದಿರು ಬಂದಿದ್ದರು. ಬಂದು ಹೋದ ಸಂತೋಷ ಇನ್ನೂ ಇಳಿದಿಲ್ಲ, ಆದ್ದರಿಂದ ಕಾಗದ ಉದ್ದವಾಗುತ್ತೆ, ಸಹಿಸಿಕೋ.

ಅವರು ಬರುವುದಕ್ಕೆ ಮೊದಲು ನಮ್ಮದೇ ಒಂದು ಸರ್ಕಸ್ಸು ನಡೆಯಿತು. ಕುಮಾರ ಗೂಡಿನ ಅಂಚನ್ನು ಉಳಿಯಿಂದ ಕೆತ್ತಿ ಚಪ್ಪಟೆ ಕೇಬಲ್ಲನ್ನು ಹೇಗೋ ಹಿಂದಕ್ಕೆ ತೂರಿಸಿದ. ಟಿವಿ ಕಪ್ಪಾಯಿತು. ಪೀಂ ಅನ್ನುವವರೆಗೆ ನಾನೇ ಒತ್ತುತ್ತೇನೆ ಅಂತ ಜಂಬದಿಂದ ಕೂತೆ. ನನಗೆ ಪೀಂ ಕೇಳಬೇಕಲ್ಲ! ಒತ್ತಿದೆ, ಒತ್ತಿದೆ, ಮೆಷಿನ್ನು ಆರಿಯೇ ಹೋಯಿತು. ಆಮೇಲೆ ಮೇಘಶ್ರೀ ಪಕ್ಕದಲ್ಲಿ ಕೂತು ಪೀಂ ಅಂದಾಗಲೆಲ್ಲ ನನ್ನ ತೊಡೆ ಚಿವುಟಿದಳು. ಚಿತ್ರ ಬಂತು. ಮೊದಲಿಗಿಂತ ಮೇಲು ನಿಜ, ಆದರೆ ಎಲ್ಲರ ಮುಖದ ಮೇಲೂ ಗುಳ್ಳೆ ಗುಳ್ಳೆ. ಆಗಲೇ ಕುಮಾರ ಹಾಸನಕ್ಕೆ ಫೋನು ಮಾಡಿದ್ದು.

ಅಳಿಯಂದಿರು ಬಂದವರೇ ಟಿವಿಯ ಮುಂದೆ ಕೂತು ಬೆರಳಿಂದ ಒಂದು ಸಲ ಸವರಿದರು. ನಗಲಿಲ್ಲ, ಅದು ಅವರ ದೊಡ್ಡತನ. ಟಿವಿ ಬಂದ ದಿನ ಗಾಜಿನ ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ ಪೊರೆಯನ್ನು ನಾವು ತೆಗೆದೇ ಇಲ್ಲ ಕಣೇ! ನಿಮ್ಮಪ್ಪನ ಕಾನೂನು ಅದು. ಹೊಸದು ಹೊಸದಾಗೇ ಇರಲಿ ಅಂತ ಟ್ರ್ಯಾಕ್ಟರ್ ಸೀಟಿನ ಕವರನ್ನೂ ಅದೇ ಹರಿದು ಹೋಗುವ ತನಕ ತೆಗೆಯಬಿಟ್ಟವರಲ್ಲ. ಇಷ್ಟು ವರ್ಷದಲ್ಲಿ ಪೊರೆಯ ಮೇಲೆ ಗುಳ್ಳೆ ಎದ್ದು, ಗೀರು ಬಿದ್ದು, ಹಬ್ಬದ ಅರಿಶಿನ ಕುಂಕುಮವೂ ಮೆತ್ತಿಕೊಂಡಿತ್ತು. ನಾವು ಟಿವಿಯೇ ಹಾಗೆ ಅಂದುಕೊಂಡಿದ್ದೆವು.

ಅವರು ಸುಮ್ಮನೆ ಕಿತ್ತು ಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ನನ್ನ ಎದುರಿಗೆ ಬಂದು, ನನಗೆ ಬಾಯಿ ಕಾಣುವ ಹಾಗೆ ಬೆಳಕಿಗೆ ತಿರುಗಿ ನಿಂತು, "ಮಾವ ಬೇಡ ಅಂದಿದ್ರು ಅಂದ್ರಿ. ತೆಗೀಲಾ ಅತ್ತೆ?" ಅಂದರು. ಬೆಳಕಿಗೆ ತಿರುಗಿ ಮಾತಾಡಬೇಕು ಅಂತ ಹೆತ್ತ ಮಗನಿಗೇ ನಾನು ಹೇಳಿ ಹೇಳಿ ಸಾಕಾಗಿದ್ದೇನೆ. ಇವರಿಗೆ ಯಾರು ಹೇಳಿದರು? ನನಗೆ ಕಣ್ಣು ತುಂಬಿತು. ತೆಗೀರಪ್ಪ ಅಂದೆ. ಪೊರೆಯನ್ನು ನಾನೇ ತೊಳೆದು ಅಡಿಗೆಮನೆ ಗೂಡಿಗೆ ಹಾಸಿದ್ದೇನೆ. ನಿಮ್ಮಪ್ಪನ ಕಾನೂನೂ ಉಳಿಯಿತು.

ಆಮೇಲೆ ಅವರು ತಂದಿದ್ದ ಕಾಡಿನ ಸಿನಿಮಾ ಒಂದನ್ನು ಹಾಕಿದರು. ಏನು ಹೇಳಲಿ ಧನ್ಯಾ. ಆನೆಗೆ ರೆಪ್ಪೆಗೂದಲು ಇರುತ್ತೆ ಅಂತ ಈ ವಯಸ್ಸಿಗೆ ಗೊತ್ತಾಯಿತು. ಅದರ ಮೈಮೇಲಿನ ನೆರಿಗೆಯೊಳಗೆ ಕೂತ ಮಣ್ಣು ಕಾಣುತ್ತೆ. ಅರಕಲಗೂಡಿನಲ್ಲಿ ನಮ್ಮ ಬೀಗರ ಹೊಲಕ್ಕೆ ನುಗ್ಗಿ ಮೆಕ್ಕೆಜೋಳ ತುಳಿಯುವುದು ಇದೇನಾ ಅನ್ನಿಸಿತು, ಅಷ್ಟು ಸಾಧುವಾಗಿ ಮರಿಗೆ ನೀರು ಎರಚುತ್ತಿತ್ತು. ಹಿಂದೆ ಯಾರೋ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದನಂತೆ, ಯಾರಿಗೂ ತಿಳಿಯಲಿಲ್ಲ. ಅವತ್ತು ಮನೆಯಲ್ಲಿ ಎಲ್ಲರೂ ನನ್ನಷ್ಟೇ ಕಿವುಡರು. ಎಲ್ಲರಿಗಿಂತ ಜಾಸ್ತಿ ನಾನೇ ನೋಡಿದೆ.

ಆ ಎರಡು ಕೊಂಬಿನ ರಿಮೋಟನ್ನು ಹಿಡಿಯುವುದು, ನಿಲ್ಲಿಸುವುದು, ಹಿಂದಕ್ಕೆ ಓಡಿಸುವುದು, ಎಲ್ಲವನ್ನೂ ಕೈ ಹಿಡಿದು ಕಲಿಸಿದರು. ತಪ್ಪು ಒತ್ತಿದರೆ ಬೇಜಾರಿಲ್ಲ, ಮತ್ತೆ ಮೊದಲಿಂದ. ಆಟ ಆಡಿಸುವವನು ಅಂತ ಜರಿದೆವಲ್ಲ, ಆಟ ಆಡಿಸುವವನಿಗೆ ಎಷ್ಟು ತಾಳ್ಮೆ ಬೇಕು ಅಂತ ನಮಗೆ ಹೊಳೆಯಲಿಲ್ಲ. ಉಂಡು, ಹಸುವಿನ ಮೈ ಸವರಿ, ಸಂಜೆ ಬಸ್ಸಿಗೆ ಹೊರಟರು. ಆ ಕೆಟ್ಟ ಹಸು ಅವರಿಗೆ ತಲೆ ಒಡ್ಡಿ ನಿಂತಿತ್ತು.

ನೀಲಿ ಡಿಸ್ಕನ್ನು ಅವರ ಮುಂದೆ ಹಾಕಲಿಲ್ಲ. ಅವರು ಹೋದ ಮೇಲೂ ಹಾಕಿಲ್ಲ. ನಿನಗೆ ಸುಳ್ಳು ಹೇಳಲಾರೆ ಅಂತ ನಾನೇ ಬರೆದೆ, ಈಗ ನನಗೂ ಕೈ ಬರುತ್ತಿಲ್ಲ. ನಿಮ್ಮಪ್ಪನ ಸಿಟ್ಟು ನಾನು ಕಂಡಿದ್ದೇನೆ. ನೀನು ಅಂದುಕೊಂಡದ್ದನ್ನೇ ಅವರು ಅಂದಿದ್ದರೆ? ನಾನು ಅದನ್ನು ಓದಿ, ನನ್ನ ಕೈಯಾರೆ ನಿನಗೆ ಬರೆಯಬೇಕಲ್ಲ.

ಅವ್ವ

*

ಹಾಸನ
29 ಜುಲೈ 2025

ಅವ್ವ,

ಹಾಕಿ ನೋಡು. ಏನಿದ್ದರೂ ಇದ್ದ ಹಾಗೇ ಬರಿ. ಒಂಬತ್ತು ವರ್ಷ ಆ ಮಾತಿನ ಜೊತೆಗೇ ಬದುಕಿದ್ದೇನೆ, ಅದೇ ಆಗಿದ್ದರೂ ಹೊಸದಾಗಿ ಏನೂ ಆಗುವುದಿಲ್ಲ.

ಇವರು ಮನೆಗೆ ಬಂದು ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ಕಾಲೇಜು ಹುಡುಗರಿಗಿಂತ ಬೇಗ ರಿಮೋಟು ಹಿಡಿದರು ಎಂದರು.

ಧನ್ಯಾ

*

ಹಳೇಕೋಟೆ
9 ಆಗಸ್ಟ್ 2025

ನನ್ನ ಮಗಳೇ,

ಓದಿದೆ.

ಕುಮಾರನೂ ಮೇಘಶ್ರೀಯೂ ಹೊಲಕ್ಕೆ ಹೋಗಿದ್ದರು. ಮುಂಬಾಗಿಲು ಹಾಕಿಕೊಂಡು ಒಬ್ಬಳೇ ಕೂತೆ. ಡಿಸ್ಕು ಹಾಕಿದೆ, ಮಂಟಪ ಬಂತು. ದೇವರೇ, ಎಷ್ಟು ಸ್ಪಷ್ಟ! ನಿನ್ನ ಹಣೆಗೆ ಕಟ್ಟಿದ ಬಾಸಿಂಗದ ಮಣಿಗಳು ಬೇರೆ ಬೇರೆ ಕಾಣುತ್ತವೆ. ತೀರಿಹೋದ ನನ್ನ ಅಕ್ಕ ಮುಂದಿನ ಸಾಲಿನಲ್ಲಿ ಕೂತು ಎಲೆ ಅಡಿಕೆ ಮಡಚುತ್ತಿದ್ದಾಳೆ, ಉಗುರಿನ ಸುಣ್ಣ ಕೂಡ ಕಾಣುತ್ತೆ. ನನ್ನ ಕೈಲಿರುವ ಗಿಂಡಿಯ ಮೂತಿ ಅಲ್ಲಾಡುತ್ತಿದೆ. ಆಮೇಲೆ ನಿಮ್ಮಪ್ಪ. ಮೀಸೆ ಬೇರೆ, ಬಾಯಿ ಬೇರೆ. ಕೆಳಗಿನ ಹಲ್ಲೊಂದು ಮುರಿದಿತ್ತಲ್ಲ, ಅದೂ ಕಂಡಿತು. ನೋಡಿ ಎಷ್ಟು ವರ್ಷವಾಗಿತ್ತು ಆ ಬಾಯನ್ನು. ಮೊದಲು ಸ್ವಲ್ಪ ಹೊತ್ತು ಚಿತ್ರ ನಿಲ್ಲಿಸಿ ಅತ್ತೆ. ಓದುವ ಕೆಲಸ ಆಮೇಲೆ ಮಾಡಿದೆ.

ಬ, ಪ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತೆ, ಕೆಲವು ಮಾತು ನಾಲಿಗೆಯ ಹಿಂದೆಯೇ ಆಗಿಹೋಗುತ್ತೆ, ಎಲ್ಲರದನ್ನೂ ಪೂರ್ತಿ ಓದಲು ನನಗೂ ಬರುವುದಿಲ್ಲ. ಆದರೆ ನಿಮ್ಮಪ್ಪ ನನ್ನ ಕಿವಿ ಹೋದಾಗಿನಿಂದ ಒಂದೊಂದು ಮಾತನ್ನೂ ಬಿಡಿಸಿ, ಬಾಯಿ ತೆರೆದು ಆಡುತ್ತಿದ್ದರು. ನನಗಾಗಿ ಮಾಡಿಕೊಂಡ ಅಭ್ಯಾಸ. ಆಮೇಲೆ ಯಾರ ಹತ್ತಿರ ಮಾತಾಡಿದರೂ ಹಾಗೇ ಆಯಿತು. ಊರವರು ಚೇಷ್ಟೆ ಮಾಡುತ್ತಿದ್ದರು. ಆ ಅಭ್ಯಾಸ ಇವತ್ತು ನನ್ನ ಕೈ ಹಿಡಿಯಿತು. ಹಿಂದಕ್ಕೆ ಓಡಿಸಿ ಓಡಿಸಿ ಮತ್ತೆ ಮತ್ತೆ ನೋಡಿದ್ದೇನೆ. ಅನುಮಾನವೇ ಇಲ್ಲ.

ಅವರ ಕಣ್ಣು ನಿನ್ನ ಮೇಲಿತ್ತು, ನೀನು ಕಂಡದ್ದು ನಿಜ. ಆದರೆ ಮಾತು ನಿನಗಲ್ಲ. ಅಳಿಯಂದಿರ ಕಿವಿಯ ಕಡೆಗೆ ಬಾಗಿ, ನಿನ್ನನ್ನು ನೋಡುತ್ತ, ಅವರಿಗೆ ಹೇಳಿದ್ದು. ಹೇಳಿದ್ದು ಇಷ್ಟು:

"ಅವ್ಳಿಗೆ ಕತ್ಲು ಅಂದ್ರೆ ಭಯ ಕಣಪ್ಪ. ಒಂದ್ ದೀಪ ಆರುಸ್ದಂಗೆ ಇಟ್ಟಿರು."

ಅಷ್ಟೇ. ಹೊಸಿಲಿನ ಮಾತಿಲ್ಲ, ಬರಬೇಡ ಅನ್ನುವ ಮಾತಿಲ್ಲ.

ನೀನು ಚಿಕ್ಕವಳಿದ್ದಾಗ ಕರೆಂಟು ಹೋದರೆ ಹಿತ್ತಲಿಗೆ ಹೋಗಲೂ ಅಪ್ಪ ಬ್ಯಾಟರಿ ಹಿಡಿದು ಬರಬೇಕಿತ್ತು. ಹೈಸ್ಕೂಲಿಗೆ ಹೋಗುವ ಹುಡುಗಿಗೆ ಇದೇನು ಅಂತ ನಾನು ಬೈದರೆ ಅವರೇ ನನ್ನನ್ನು ಗದರುತ್ತಿದ್ದರು. ಕೊಡುವ ಹೊತ್ತಿಗೆ ಅವರಿಗೆ ನೆನಪಾದದ್ದು ಅದು.

ಇನ್ನೊಂದು. ಮಂಟಪ ಇಳಿದು ಎಲ್ಲಿಗೆ ಹೋದರು ಅಂತ ನೋಡಿದೆ. ನಿಮಗೆ ಅಕ್ಷತೆ ಹಾಕುವಾಗ ಚಿತ್ರದ ಎಡಗಡೆ ಮೂಲೆಯಲ್ಲಿ, ವಾಲಗದವರ ಹಿಂದೆ, ಕಂಬಕ್ಕೆ ಒರಗಿ ಒಬ್ಬರು ನಿಂತಿದ್ದಾರೆ. ಹಳೇ ಡಿಸ್ಕಿನಲ್ಲಿ ಅದು ಬರೀ ಒಂದು ಬಿಳಿ ಟವೆಲು. ಇದರಲ್ಲಿ ಟವೆಲನ್ನು ಕಣ್ಣಿಗೆ ಒತ್ತಿ ಹಿಡಿದಿರುವುದು ಕಾಣುತ್ತೆ, ಭುಜ ಕುಲುಕುವುದೂ ಕಾಣುತ್ತೆ. ಪಂಕ್ತಿಗೆ ಬರಲು ಆಗಲಿಲ್ಲ ಅವರಿಗೆ. ಆ ಮುಖ ಹೊತ್ತುಕೊಂಡು ಬೀಗರ ಎದುರಿಗೆ ಹೇಗೆ ಕೂರುತ್ತಾರೆ?

ಅಳಿಯಂದಿರಿಗೆ ನಾನು ಏನೂ ತಿಳಿಸಿಲ್ಲ. ಮೊದಲು ನಿನಗೆ. ಆ ಗದ್ದಲದಲ್ಲಿ ಅವರಿಗೂ ಕೇಳಿಸಿರಲಿಕ್ಕಿಲ್ಲ ಅನ್ನಿಸುತ್ತೆ. ಕೇಳಿಸಿದ್ದರೆ ಹೇಳದೆ ಇರುತ್ತಿದ್ದರಾ? ನೀನೇ ಕೇಳಿ ನೋಡು.

ಬಾಗಿನ ಈ ಸಲ ಯಾರ ಕೈಲೂ ಕಳಿಸುವುದಿಲ್ಲ.

ನಿನ್ನ ಅವ್ವ

*

ಹಾಸನ
17 ಆಗಸ್ಟ್ 2025

ಅವ್ವ,

ನಿನ್ನ ಕಾಗದ ಬಂದಾಗ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದೆ. ಓದಿ ಮುಗಿಸಿದಾಗ ಹೊಲಿಯುತ್ತಿದ್ದ ಬ್ಲೌಸಿನ ತೋಳು ಪೂರ್ತಿ ಒದ್ದೆ. ಬ್ಲೌಸಿನವರು ಬಂದರೆ ನೀರು ಚೆಲ್ಲಿತು ಎನ್ನುತ್ತೇನೆ.

ಸಂಜೆ ಇವರು ಬಂದರು. ನೆಲದ ಮೇಲೆ ಕೂತು ನಾಳೆಯ ಕೆಲಸಕ್ಕೆ ವೈರು ಸುಲಿಯುತ್ತಿದ್ದರು. ಧಾರೆಯ ಹೊತ್ತಿನಲ್ಲಿ ಅಪ್ಪ ನಿಮಗೇನಾದರೂ ಹೇಳಿದ್ದನಾ ಎಂದು ಕೇಳಿದೆ. ತಲೆ ಎತ್ತದೆಯೇ ಹೂಂ ಎಂದರು. ಏನು ಎಂದೆ.

"ದೀಪ ಆರಿಸ್ಬೇಡ ಅಂದ್ರಲ್ಲ ಮಾವ. ನೀನೂ ಪಕ್ಕದಲ್ಲೇ ಇದ್ದೆ, ನಿಂಗೂ ಕೇಳ್ಸಿತ್ತು ಅಂದ್ಕೊಂಡಿದ್ದೆ."

ನಾನು ಅವರ ಎದುರಿಗೆ ಹೋಗಿ ಕೂತೆ. ಆಗ ತಲೆ ಎತ್ತಿ ನನ್ನ ಮುಖ ನೋಡಿದರು. ಲೈಟಿನ ವಿಷಯಕ್ಕೆ ನೀನು ಅಷ್ಟು ಜಗಳ ಆಡಿದರೂ ಆರಿಸಲು ಮನಸ್ಸು ಬರಲಿಲ್ಲ, ಮಾವ ಕೇಳಿದ್ದು ಅದೊಂದೇ ಎಂದರು.

ಹಾಲ್‌ನ ಲೈಟು ಅವ್ವ. ಒಂಬತ್ತು ವರ್ಷ. ಇವರು ಊರಲ್ಲಿಲ್ಲದ ದಿನವೂ ಫೋನು ಮಾಡಿ ಲೈಟು ಹಾಕಿದೆಯಾ ಎನ್ನುತ್ತಿದ್ದರು, ನಾನು ರೇಗುತ್ತಿದ್ದೆ. ನನಗೆ ಕತ್ತಲೆಯ ಭಯ ಇತ್ತು ಎನ್ನುವುದನ್ನೇ ನಾನು ಮರೆತುಬಿಟ್ಟಿದ್ದೆ. ಮರೆಯುವ ಹಾಗೆ ಇಬ್ಬರೂ ಸೇರಿ ನೋಡಿಕೊಂಡಿದ್ದಾರೆ.

ಆಮೇಲೆ ಎಲ್ಲವನ್ನೂ ಇವರಿಗೆ ಹೇಳಿದೆ. ಹೊಸಿಲು, ಚಪ್ಪರ, ಆಷಾಢ, ಎಲ್ಲ. ಇವರು ಕೈಲಿದ್ದ ವೈರನ್ನು ಪಕ್ಕಕ್ಕಿಟ್ಟು, ಗೌರಿ ಹಬ್ಬ ಯಾವತ್ತು ಎಂದು ಕೇಳಿದರು.

ಹಬ್ಬದ ಬ್ಲೌಸುಗಳನ್ನೆಲ್ಲ ಈ ವಾರದಲ್ಲೇ ಮುಗಿಸಿಕೊಡುತ್ತೇನೆ. ಸೋಮವಾರ, ಹಬ್ಬದ ಹಿಂದಿನ ದಿನ, ಮೂವರೂ ಬರುತ್ತೇವೆ. ಅಪ್ಪನ ಬಾಯನ್ನು ನನಗೂ ತೋರಿಸು. ರಿಮೋಟು ನೀನೇ ಹಿಡಿ, ನನಗೆ ಬರುವುದಿಲ್ಲ.

ಇವರ ಕೆಲಸ ಮುಗಿದ ಮೇಲೆ ಹೊರಡುವುದರಿಂದ ನಾವು ಬಂದು ಸೇರುವಷ್ಟರಲ್ಲಿ ಕತ್ತಲಾಗಿರುತ್ತೆ. ಬಾಗಿಲ ದೀಪ ಹಾಕಿರು ಅವ್ವ.

ನಿನ್ನ
ಧನ್ಯಾ